ಹೈಡ್ರಿಲ್ಲಾ ಎಲೆಗೆ ಮೈನಸ್ 16 ಬಂದಿದೆ, ಇದನ್ನು ಹೇಗೆ ಓದಬೇಕು?

ಎರಿನೆಲದ_ಹುಡುಗಿ

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಸಸ್ಯಶಾಸ್ತ್ರ ಎಂಎಸ್ಸಿ ಓದುತ್ತಿದ್ದೇನೆ, ಊರು ನವಲಗುಂದದ ಕಡೆ. ಪ್ರಾಜೆಕ್ಟಿಗೆ ನಮ್ಮೂರ ಕೆರೆಯನ್ನೇ ತಗೊಂಡಿದ್ದೇನೆ. ನೀರೊಳಗೆ ಮುಳುಗಿರುವ ಗಿಡ ಕಾರ್ಬನ್ ಎಲ್ಲಿಂದ ತಗೊಳ್ಳುತ್ತದೆ, ನೀರಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡಿನಿಂದಲೋ ಬೈಕಾರ್ಬೊನೇಟಿನಿಂದಲೋ, ಇದು ನನ್ನ ಪ್ರಶ್ನೆ. ಎಲೆ ಒಣಗಿಸಿ, ಪುಡಿ ಮಾಡಿ, ಕಾರ್ಬನ್-13 ಅಳೆಯಲು ಹೊರಗಿನ ಲ್ಯಾಬಿಗೆ ಕಳಿಸಿದ್ದೆ. ಮೊನ್ನೆ ಫಲಿತಾಂಶ ಬಂತು.

ನೈದಿಲೆ ಎಲೆ ಮೈನಸ್ 27. ದಂಡೆ ಮೇಲಿನ ಜೊಂಡು ಮೈನಸ್ 27. ಹೋಲಿಕೆಗೆ ಅಂತ ನಮ್ಮ ಹೊಲದ ಜೋಳದ ಎಲೆ ಇಟ್ಟಿದ್ದೆ, ಅದು ಮೈನಸ್ 12. ನೀರೊಳಗೇ ಮುಳುಗಿ ಬೆಳೆಯುವ ಹೈಡ್ರಿಲ್ಲಾ ಮೈನಸ್ 16!

ಜೋಳ ಸಿ-4 ಗಿಡ, ಅಂದರೆ ಕಾರ್ಬನ್ನನ್ನು ಮೊದಲು ಬೇರೊಂದು ಕಿಣ್ವದಿಂದ ಹಿಡಿದು ಕೂಡಿಟ್ಟು ಆಮೇಲೆ ಬಳಸುವ ಬಗೆ. ಭತ್ತದಂಥ ಸಾದಾ ಗಿಡ ಸಿ-3. ಹೈಡ್ರಿಲ್ಲಾ ಸಂಖ್ಯೆ ಜೋಳದ ಹತ್ತಿರ ಇದೆ, ನೈದಿಲೆಯಿಂದ ದೂರ ಇದೆ. ಹಾಗಾದರೆ ನಮ್ಮ ಕೆರೆಯ ಹೈಡ್ರಿಲ್ಲಾ ಸಿ-4 ನಡೆಸುತ್ತಿದೆ ಅಂತ ಬರೆಯಬಹುದಾ? ಮುಂದಿನ ವಾರ ಪ್ರೆಸೆಂಟೇಶನ್ ಇದೆ. ತಿಳಿದವರು ದಯವಿಟ್ಟು ಹೇಳಿ.

ಗಾಜಿನತೊಟ್ಟಿ_ಹುಬ್ಬಳ್ಳಿ

ತಂಗಿ, ನಾನು ಮನೆಯಲ್ಲಿ ಗಿಡದ ಅಕ್ವೇರಿಯಂ ಇಟ್ಟವನು, ಓದಿದ್ದು ಬಿಕಾಂ. ವಿಷಯ ಕುತೂಹಲ ಇದೆ ಆದರೆ ಮೈನಸ್ ಅಂದರೇನು ಅಂತಲೇ ಗೊತ್ತಾಗಲಿಲ್ಲ. ಕಾರ್ಬನ್ ಸೊನ್ನೆಗಿಂತ ಕಡಿಮೆ ಹೇಗಿರುತ್ತದೆ? ಯಾರಾದರೂ ಬಿಡಿಸಿ ಹೇಳಿದರೆ ನನ್ನಂಥವರಿಗೂ ಅನುಕೂಲ.

ಸುಣ್ಣದಹರಳು

ನಾನು ಹೇಳುತ್ತೇನೆ ರೀ. ನೀರಿನ ರಸಾಯನದಲ್ಲೇ ಕೆಲಸ ಮಾಡಿ ನಿವೃತ್ತನಾದವನು.

ಕಾರ್ಬನ್ ಪರಮಾಣುಗಳಲ್ಲಿ ನೂರಕ್ಕೆ ಸುಮಾರು 98.9 ಹಗುರಾದವು, ಕಾರ್ಬನ್-12. ಉಳಿದ 1.1 ಸ್ವಲ್ಪ ಭಾರ, ಕಾರ್ಬನ್-13. ಇದು ವಿಕಿರಣ ಬಿಡುವುದಿಲ್ಲ, ಸುಮ್ನೆ ಒಂದು ನ್ಯೂಟ್ರಾನ್ ಜಾಸ್ತಿ. ಎಲ್ಲ ವಸ್ತುವಿನಲ್ಲೂ ಈ ಎರಡರ ಪ್ರಮಾಣ ಹೆಚ್ಚು ಕಡಿಮೆ ಇಷ್ಟೇ, ಬದಲಾಗುವುದು ಸಾವಿರದಲ್ಲಿ ಕೆಲವು ಭಾಗ ಮಾತ್ರ. ಅದಕ್ಕೆ ನೇರ ಪ್ರಮಾಣ ಬರೆಯುವ ಬದಲು ಒಂದು ಮಾನಕ ಕಲ್ಲಿನ ಜೊತೆ ಹೋಲಿಸುತ್ತಾರೆ. ಅಮೆರಿಕದ ದಕ್ಷಿಣ ಕೆರೋಲಿನಾದ ಪೀಡೀ ಎಂಬ ಶಿಲಾಪದರದಲ್ಲಿ ಸಿಕ್ಕ ಬೆಲೆಮ್ನೈಟ್ ಎಂಬ ಸಮುದ್ರಜೀವಿಯ ಪಳೆಯುಳಿಕೆ ಆ ಮಾನಕ. ಮೂಲ ಕಲ್ಲು ಎಂದೋ ಮುಗಿದಿದೆ, ಈಗ ಅದೇ ಅಳತೆಗೆ ಹೊಂದಿಸಿದ ಬೇರೆ ಮಾನಕ ಬಳಸುತ್ತಾರೆ. ಮೈನಸ್ 16 ಅಂದರೆ ಆ ಕಲ್ಲಿಗಿಂತ ಕಾರ್ಬನ್-13ರ ಪಾಲು ಸಾವಿರಕ್ಕೆ 16 ಕಡಿಮೆ. ಸೊನ್ನೆಗಿಂತ ಕಡಿಮೆ ಕಾರ್ಬನ್ ಅಂತಲ್ಲ. ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಕಾರ್ಬನ್ ಹಗುರ.

ಗಾಳಿಯ ಕಾರ್ಬನ್ ಡೈಆಕ್ಸೈಡ್ ಈಗ ಮೈನಸ್ 8ರ ಆಸುಪಾಸು. ಭತ್ತ, ಹತ್ತಿ, ಕಡಲೆ, ಶೇಂಗಾ ಇವೆಲ್ಲ ಸಿ-3, ಮೈನಸ್ 27ರ ಹತ್ತಿರ. ಜೋಳ, ಗೋವಿನಜೋಳ, ಕಬ್ಬು ಸಿ-4, ಮೈನಸ್ 12-13. ಸಿ-3 ಗಿಡದಲ್ಲಿ ಕಾರ್ಬನ್ ಹಿಡಿಯುವ ಕಿಣ್ವ ರುಬಿಸ್ಕೋ. ಅದಕ್ಕೆ ಹಗುರ ಕಾರ್ಬನ್ ಮೇಲೆ ಒಲವು ಜಾಸ್ತಿ, ಸುಮಾರು 29 ಸಾವಿರಾಂಶದಷ್ಟು. ಸಿ-4 ಗಿಡದಲ್ಲಿ ಮೊದಲು ಹಿಡಿಯುವ ಕಿಣ್ವ ಬೇರೆ, ಪೆಪ್ ಕಾರ್ಬಾಕ್ಸಿಲೇಸ್. ಅದು ಅಷ್ಟು ಆರಿಸುವುದಿಲ್ಲ.

ಈಗ ಎರಿನೆಲದ ತಂಗಿಗೆ ಒಂದೇ ಪ್ರಶ್ನೆ. ಎಲೆಯ ಸಂಖ್ಯೆ ಕೊಟ್ಟಿರಿ. ನೀರಿನದು ಎಷ್ಟು?

ಎರಿನೆಲದ_ಹುಡುಗಿ

ಸರ್, ನೀರಿನ ಐಸೋಟೋಪ್, ಅಂದರೆ ಕಾರ್ಬನ್-13ರ ಅಳತೆ, ಮಾಡಿಸಿಲ್ಲ. ಪಿಎಚ್ (ಆಮ್ಲ-ಕ್ಷಾರದ ಅಳತೆ) ಮಾತ್ರ ನೋಡಿದ್ದೆ, ಮಧ್ಯಾಹ್ನ ಮೂರಕ್ಕೆ 8.7 ಇತ್ತು. ದುಡ್ಡು ಕಡಿಮೆ ಇತ್ತು, ಎಲೆಗೇ ಖರ್ಚಾಯಿತು.

ಸುಣ್ಣದಹರಳು

ಹಾಗಾದರೆ ಸಿ-4 ಅಂತ ಬರೆಯಬೇಡಿ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ.

ಹೊಲದ ಗಿಡಕ್ಕೆಲ್ಲ ಒಂದೇ ಗಾಳಿ. ನವಲಗುಂದದಲ್ಲೂ ಅದೇ, ಹಾನಗಲ್ಲಿನಲ್ಲೂ ಅದೇ. ಹಾಗಾಗಿ ಎಲೆಯ ಸಂಖ್ಯೆ ನೋಡಿದರೆ ಸಾಕು, ಸಿ-3 ಸಿ-4 ಗೊತ್ತಾಗುತ್ತದೆ. ನೀರಿನಲ್ಲಿ ಹಾಗಿಲ್ಲ. ಪ್ರತಿ ಕೆರೆಗೂ ಬೇರೆ ಊಟ. ತಳದ ಕೆಸರು ಕೊಳೆತು ಬರುವ ಕಾರ್ಬನ್ ಬೇರೆ, ಸುಣ್ಣದ ಕಲ್ಲು ಕರಗಿ ಬರುವುದು ಬೇರೆ, ಗಾಳಿಯಿಂದ ಇಳಿಯುವುದು ಬೇರೆ. ಸಮುದ್ರದಲ್ಲಿ ಆದ ಸುಣ್ಣದ ಕಲ್ಲು ಸೊನ್ನೆಯ ಹತ್ತಿರ ಇರುತ್ತದೆ, ಕಾಡಿನ ಎಲೆ ಕೊಳೆತರೆ ಮೈನಸ್ 26-27. ಮುಳುಗಿದ ಗಿಡಗಳಲ್ಲಿ ಜಗತ್ತಿನ ಬೇರೆ ಬೇರೆ ಕಡೆ ಅಳೆದದ್ದು ಮೈನಸ್ 11ರಿಂದ ಮೈನಸ್ 50ರ ತನಕ ಹರಡಿದೆ. ಅಷ್ಟು ಅಗಲ ನೆಲದ ಗಿಡದಲ್ಲಿ ನೋಡಲು ಸಿಗುವುದಿಲ್ಲ.

ಎರಡನೆಯದು, ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಹರಡುವ ವೇಗ ಗಾಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ನಿಂತ ನೀರಲ್ಲಿ ಎಲೆ ಸುತ್ತ ಕದಲದ ನೀರಿನ ಒಂದು ಪದರ ಕೂತಿರುತ್ತದೆ. ಅದನ್ನು ದಾಟಿ ಬಂದಷ್ಟೇ ಎಲೆಗೆ. ಬೆಳಿಗ್ಗೆ ಸಂತೆಗೆ ಹೋದರೆ ಬದನೆಕಾಯಿ ರಾಶಿಯಲ್ಲಿ ಎಳೆಯದನ್ನು ಆರಿಸುತ್ತೀರಿ. ಸಂತೆ ಬಿಡುವ ಹೊತ್ತಿಗೆ ಹೋದರೆ ಬುಟ್ಟಿಯಲ್ಲಿ ನಾಲ್ಕು ಉಳಿದಿರುತ್ತವೆ, ಅಷ್ಟೂ ಚೀಲಕ್ಕೆ ಹಾಕಿಕೊಂಡು ಬರುತ್ತೀರಿ. ರುಬಿಸ್ಕೋದ್ದೂ ಅಷ್ಟೇ. ಕಾರ್ಬನ್ ಧಾರಾಳ ಇದ್ದರೆ ಹಗುರಾದ್ದನ್ನು ಆರಿಸುತ್ತದೆ. ಕೊರತೆ ಇದ್ದರೆ ಬಂದದ್ದನ್ನೆಲ್ಲ ಹಿಡಿಯುತ್ತದೆ, ಆಗ ಎಲೆ ಭಾರವಾಗುತ್ತದೆ. ಅಪ್ಪಟ ಸಿ-3 ಗಿಡವೂ ನಿಂತ ನೀರಲ್ಲಿ ಸಿ-4ರಂತೆ ಕಾಣಬಹುದು. ಹರಿಯುವ ನೀರಲ್ಲಿ ಆ ಪದರ ತೆಳು, ಅಲ್ಲಿ ಅದೇ ಗಿಡ ಹಗುರ ಕಾಣುತ್ತದೆ.

ಮೂರನೆಯದು ಬೈಕಾರ್ಬೊನೇಟ್. ನೀರಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡಿಗಿಂತ ಬೈಕಾರ್ಬೊನೇಟ್ ಸುಮಾರು 9 ಸಾವಿರಾಂಶ ಭಾರ, 25 ಡಿಗ್ರಿ ಬಿಸಿಯಲ್ಲಿ. ಪಿಎಚ್ 6.35ರಲ್ಲಿ ಎರಡೂ ಸಮ ಸಮ. ನಿಮ್ಮ 8.7ರಲ್ಲಿ ಬಹುತೇಕ ಎಲ್ಲವೂ ಬೈಕಾರ್ಬೊನೇಟ್, ಕಾರ್ಬನ್ ಡೈಆಕ್ಸೈಡ್ ನೂರಕ್ಕೆ ಒಂದೂ ಇಲ್ಲ. ಬೈಕಾರ್ಬೊನೇಟ್ ತಿನ್ನಬಲ್ಲ ಗಿಡವೂ ಭಾರವಾಗುತ್ತದೆ.

ಅಂದರೆ ಮೈನಸ್ 16ಕ್ಕೆ ಮೂರು ದಾರಿ ಇವೆ. ನೀರಿನ ಸಂಖ್ಯೆ ಇಲ್ಲದೆ ಯಾವುದು ಅಂತ ಹೇಳುವ ಹಾಗಿಲ್ಲ.

ಹಸಿರೆಲೆ_07

ಸರ್, ಒಂದು ಮಾತು. ಹೈಡ್ರಿಲ್ಲಾ ಸಿ-4 ಅನ್ನೋದು ಹೊಸದಲ್ಲ. ಫ್ಲೋರಿಡಾ ವಿಶ್ವವಿದ್ಯಾಲಯದ ಜಾರ್ಜ್ ಬೋಸ್ ಮತ್ತು ಜೊತೆಯವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಬೇಸಿಗೆಯಲ್ಲಿ, ಗಿಡ ದಟ್ಟವಾಗಿ ಬೆಳೆದು ನೀರಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾದಾಗ, ಆಮ್ಲಜನಕ ಏರಿದಾಗ, ಹೈಡ್ರಿಲ್ಲಾ ಸಿ-3ಯಿಂದ ಸಿ-4ಕ್ಕೆ ಬದಲಾಗುತ್ತದೆ. ಅದೂ ಜೋಳದಂತೆ ಎರಡು ಬಗೆ ಕೋಶ ಇಲ್ಲದೆ, ಒಂದೇ ಕೋಶದೊಳಗೆ. ನಮ್ಮ ಕಡೆ ಏಪ್ರಿಲ್ ಬಿಸಿಲು ಫ್ಲೋರಿಡಾಕ್ಕೆ ಕಡಿಮೆಯೇನಿಲ್ಲ. ಹಾಗಿದ್ದಾಗ ಅಕ್ಕನ ಊಹೆ ತಪ್ಪು ಅಂತ ಯಾಕೆ ಹೇಳುತ್ತೀರಿ?

ಸುಣ್ಣದಹರಳು

ತಪ್ಪು ಅಂದಿಲ್ಲ ತಮ್ಮಾ, ಈ ಸಂಖ್ಯೆಯಿಂದ ಅದು ಸಾಬೀತಾಗುವುದಿಲ್ಲ ಅಂದೆ. ಬೋಸ್ ಅವರ ಗುಂಪು ಕಿಣ್ವ ಅಳೆದಿತ್ತು, ವಿಕಿರಣ ಬಿಡುವ ಕಾರ್ಬನ್-14 ಕೊಟ್ಟು ಮೊದಲು ಯಾವ ವಸ್ತು ತಯಾರಾಗುತ್ತದೆ ಅಂತ ನೋಡಿತ್ತು. ಮೊದಲು ನಾಲ್ಕು ಕಾರ್ಬನ್ನಿನ ಮ್ಯಾಲೇಟ್ ಬಂದರೆ ಅದು ಸಿ-4ರ ಗುರುತು. ಕಾರ್ಬನ್-13ರ ಸಂಖ್ಯೆ ನೆಲದ ಗಿಡಕ್ಕೆ ಒಳ್ಳೆಯ ಸಾಕ್ಷಿ, ಮುಳುಗಿದ ಗಿಡಕ್ಕೆ ಅಲ್ಲ.

ನೀರಿನ ಸಂಖ್ಯೆ ಇದ್ದರೂ ಒಂದು ತೊಡಕು ಉಳಿಯುತ್ತದೆ. ಎಲೆ ನೀರಿನ ಕಾರ್ಬನ್ ಡೈಆಕ್ಸೈಡಿಗಿಂತ ಭಾರ ಬಂತು ಅನ್ನಿ. ಆಗ ಅದು ಬರೀ ಕಾರ್ಬನ್ ಡೈಆಕ್ಸೈಡ್ ತಿನ್ನುವ ಸಿ-3 ಅಲ್ಲ ಅಂತ ಗಟ್ಟಿಯಾಗಿ ಹೇಳಬಹುದು, ಯಾಕಂದರೆ ಹರಡುವಿಕೆಯೂ ರುಬಿಸ್ಕೋನೂ ಎಲೆಯನ್ನು ಹಗುರ ಮಾಡುತ್ತವೆಯೇ ಹೊರತು ಭಾರ ಮಾಡುವುದಿಲ್ಲ. ಆದರೆ ಬೈಕಾರ್ಬೊನೇಟ್ ಹೊರಗಿನಿಂದ ಎಳೆದುಕೊಂಡಿತೋ, ಪೆಪ್ ಕಾರ್ಬಾಕ್ಸಿಲೇಸ್ ಒಳಗೆ ಹಿಡಿಯಿತೋ, ಇವೆರಡನ್ನು ಆ ಸಂಖ್ಯೆ ಬೇರೆ ಮಾಡಲಾರದು. ಆ ಕಿಣ್ವ ಹಿಡಿಯುವುದೂ ಬೈಕಾರ್ಬೊನೇಟನ್ನೇ.

ಗಾಜಿನತೊಟ್ಟಿ_ಹುಬ್ಬಳ್ಳಿ

ಈಗ ಅರ್ಥವಾಯಿತು ಸರ್. ಅಕ್ವೇರಿಯಂನಲ್ಲಿ ಸಿಲಿಂಡರ್ ಹಚ್ಚಿ ಕಾರ್ಬನ್ ಡೈಆಕ್ಸೈಡ್ ಗುಳ್ಳೆ ಬಿಡುತ್ತೇವೆ. ಕೆಲವು ಗಿಡ ಅದಿಲ್ಲದೆ ಸೊರಗುತ್ತವೆ, ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಮಾತ್ರ ಬೋರ್ವೆಲ್ಲಿನ ಗಡಸು ನೀರಲ್ಲೂ ಆರಾಮಾಗಿರುತ್ತವೆ. ಕಾರಣ ಇದೇ ಅಲ್ವಾ? ಹೈಡ್ರಿಲ್ಲಾ ನಮ್ಮ ಕಡೆಯ ಗಿಡ, ಫ್ಲೋರಿಡಾಕ್ಕೆ ಹೋದದ್ದು 1950ರ ದಶಕದಲ್ಲಿ, ಅಕ್ವೇರಿಯಂ ವ್ಯಾಪಾರದ ಮೂಲಕವೇ ಅಂತ ಓದಿದ್ದೇನೆ. ಅಲ್ಲೀಗ ಅದು ಕಾಲುವೆ ತುಂಬಿ ಕೂತಿದೆ. ನಮಗೆ ಉಣಕಲ್ ಕೆರೆಯಲ್ಲಿ ಅಂತರಗಂಗೆ ಹೇಗೋ ಅವರಿಗೆ ಇದು ಹಾಗೆ. ನಾನು ಉಳಿದ ಗಿಡದ ತುಂಡನ್ನು ಎಂದೂ ಚರಂಡಿಗೆ ಹಾಕುವುದಿಲ್ಲ, ಒಣಗಿಸಿ ಬಿಡುತ್ತೇನೆ.

ಅಂತರಗಂಗೆಗೆ ಎಷ್ಟು ಬರುತ್ತದೆ ಸರ್?

ಸುಣ್ಣದಹರಳು

ಅದರ ಎಲೆ ನೀರಿನ ಮೇಲಿದೆ, ಗಾಳಿಯಿಂದಲೇ ಊಟ. ಸಿ-3. ತಂಗಿಯ ನೈದಿಲೆಯಂತೆ ಮೈನಸ್ 27ರ ಆಚೀಚೆ ಬರುತ್ತದೆ. ನೈದಿಲೆ, ತಾವರೆ, ಅಂತರಗಂಗೆ ಇವು ನೀರಲ್ಲಿದ್ದರೂ ಕಾರ್ಬನ್ ವಿಷಯದಲ್ಲಿ ಹೊಲದ ಗಿಡಗಳೇ.

ಸೀಮೆಸುಣ್ಣ_ಗದಗ

ನಾನು ಪಿಯುಸಿಗೆ ಪಾಠ ಮಾಡುವವನು. ಪ್ರತಿ ವರ್ಷ ಹೈಡ್ರಿಲ್ಲಾ ಮೇಲೆ ಆಲಿಕೆ ಬೋರಲು ಹಾಕಿ ಗುಳ್ಳೆ ಎಣಿಸುತ್ತೇವೆ. ಅಡಿಗೆ ಸೋಡಾ ಚಿಟಿಕೆ ಹಾಕಿದರೆ ಗುಳ್ಳೆ ಜಾಸ್ತಿ ಬರುತ್ತವೆ. ಒಬ್ಬ ಹುಡುಗಿ ಕೇಳಿದಳು, ಸರ್, ಸೋಡಾ ಬೈಕಾರ್ಬೊನೇಟ್ ಅಲ್ವಾ, ಗಿಡ ಅದನ್ನೇ ತಿಂತಾ ಇದೆಯಾ ಅಂತ. ಹೌದು ಅಂದುಬಿಟ್ಟೆ. ಈ ಚರ್ಚೆ ಓದಿದ ಮೇಲೆ ಅನುಮಾನ ಬರುತ್ತಿದೆ. ಸೋಡಾ ಕರಗಿದಾಗ ಸ್ವಲ್ಪ ಕಾರ್ಬನ್ ಡೈಆಕ್ಸೈಡೂ ಆಗುತ್ತದಲ್ಲ. ಗಿಡ ಅದನ್ನಷ್ಟೇ ತಗೊಂಡರೂ ಗುಳ್ಳೆ ಹೆಚ್ಚುತ್ತವೆ.

ಸುಣ್ಣದಹರಳು

ಮೇಷ್ಟ್ರೇ, ನಿಮ್ಮ ಅನುಮಾನ ಸರಿ. ಗುಳ್ಳೆಯಿಂದ ಅದು ತೀರ್ಮಾನ ಆಗುವುದಿಲ್ಲ. ಆದರೆ ನಿಮ್ಮ ಲ್ಯಾಬಿನಲ್ಲೇ ಮಾಡಬಹುದಾದ ಇನ್ನೊಂದು ಪರೀಕ್ಷೆ ಇದೆ, ಹಳೆಯದು, ಖರ್ಚಿಲ್ಲದ್ದು. ಮುಚ್ಚಳ ಬಿಗಿಯಾಗಿ ಕೂರುವ ಗಾಜಿನ ಬಾಟಲಿಗೆ ಕೆರೆ ನೀರು ಪೂರ್ತಿ ತುಂಬಿ, ಗಿಡದ ತುದಿ ಹಾಕಿ, ಗಾಳಿ ಗುಳ್ಳೆ ಉಳಿಯದಂತೆ ಮುಚ್ಚಿ. ಬೆಳಕಿನಲ್ಲಿಡಿ. ಗಿಡ ಕಾರ್ಬನ್ ಎಳೆದ ಹಾಗೆ ಪಿಎಚ್ ಏರುತ್ತದೆ. ಬರೀ ಕಾರ್ಬನ್ ಡೈಆಕ್ಸೈಡ್ ತಿನ್ನುವ ಗಿಡ, ಉದಾಹರಣೆಗೆ ಫಾಂಟಿನಾಲಿಸ್ ಅನ್ನುವ ನೀರಿನ ಹಾವಸೆ, 9ರ ಸುತ್ತ ನಿಂತುಬಿಡುತ್ತದೆ, ಯಾಕಂದರೆ ಪಿಎಚ್ 9 ದಾಟಿದ ನೀರಲ್ಲಿ ಕಾರ್ಬನ್ ಡೈಆಕ್ಸೈಡ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೈಕಾರ್ಬೊನೇಟ್ ತಿನ್ನುವ ಗಿಡ 10 ದಾಟಿಸುತ್ತದೆ. ಗಿಡ ಇಲ್ಲದ ಒಂದು ಬಾಟಲಿಯನ್ನು ಪಕ್ಕದಲ್ಲಿಡಲು ಮರೆಯಬೇಡಿ.

ಗೋವಿನಜೋಳ_ಹಾವೇರಿ

ಮಣ್ಣು ಪರೀಕ್ಷೆ ಕೆಲಸದಲ್ಲಿದ್ದೇನೆ. ಯಾರೂ ಹೇಳದ ಒಂದು ವಿಷಯ. ಬ್ರಿಟನ್, ಫಿನ್ಲೆಂಡ್ ಕಡೆಯ ಅಳತೆ ನೋಡಿ ಕೊಳೆತ ಎಲೆಯ ಕಾರ್ಬನ್ ಮೈನಸ್ 26-27 ಅಂತ ಹಿಡಿಯುತ್ತೇವೆ. ಅಲ್ಲಿ ಸುತ್ತಲೂ ಸಿ-3 ಗಿಡಗಳು. ನಮ್ಮಲ್ಲಿ? ನವಲಗುಂದದ ಎರಿಯಲ್ಲಿ, ಆ ಕಪ್ಪು ಮಣ್ಣಿನಲ್ಲಿ, ತಲೆತಲಾಂತರದಿಂದ ಹಿಂಗಾರಿ ಜೋಳ. ಹಾವೇರಿಯಲ್ಲಿ ಈಗ ಎಲ್ಲಿ ನೋಡಿದರೂ ಗೋವಿನಜೋಳ. ಎರಡೂ ಸಿ-4. ಮಳೆಗೆ ಹೊಲದ ಮಣ್ಣು ಕೊಚ್ಚಿ ಬಂದು ಕೆರೆಯಲ್ಲಿ ಕೂರುತ್ತದೆ, ಕಣಿಕೆ, ದನದ ಸೆಗಣಿ ಎಲ್ಲ ಸೇರಿ. ಅದು ಕೊಳೆತರೆ ಹೊರಡುವ ಕಾರ್ಬನ್ ಡೈಆಕ್ಸೈಡ್ ಮೈನಸ್ 27 ಇರುವುದಿಲ್ಲ, ಅದಕ್ಕಿಂತ ಭಾರ ಇರುತ್ತದೆ. ಜೊತೆಗೆ ಎರಿಯಲ್ಲಿ ಸುಣ್ಣದ ಹರಳು ಬೇಕಾದಷ್ಟು. ಹಾಗಾಗಿ ಗಿಡ ಏನೂ ವಿಶೇಷ ಮಾಡದಿದ್ದರೂ ನಮ್ಮ ಕೆರೆಯ ಹೈಡ್ರಿಲ್ಲಾ ಭಾರ ಬರಲು ಸಾಧ್ಯ. ಅಕ್ಕಾ, ನಿಮ್ಮ ಹೋಲಿಕೆಗಿಟ್ಟ ಜೋಳವೇ ಕೆರೆಯೊಳಗೂ ಸೇರಿಕೊಂಡಿದೆ.

ಹಸಿರೆಲೆ_07

ಇದು ನನಗೆ ಹೊಳೆದೇ ಇರಲಿಲ್ಲ. ಅಂದರೆ ಕಪ್ಪತಗುಡ್ಡದ ಬುಡದ ಕೆರೆಯನ್ನೂ ಎರಿ ಹೊಲದ ನಡುವಿನ ಕೆರೆಯನ್ನೂ ಒಂದೇ ಅಳತೆಗೋಲಲ್ಲಿ ನೋಡುವ ಹಾಗಿಲ್ಲ. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದು ಕೂರುತ್ತವೆ, ಸುತ್ತಲ ಹೊಲದಲ್ಲಿ ಮೇಯ್ದು ಬಂದು ಹಿಕ್ಕೆ ಹಾಕುವುದು ಕೆರೆಯಲ್ಲೇ. ಅದೂ ಲೆಕ್ಕಕ್ಕೆ ಬರುತ್ತದೆ. ಸರ್, ನನ್ನ ಮೊದಲಿನ ಮಾತು ಹಿಂದೆಗೆದುಕೊಳ್ಳುತ್ತೇನೆ.

ಸುಣ್ಣದಹರಳು

ಗೋವಿನಜೋಳ ಅವರು ಹೇಳಿದ್ದು ಬಹಳ ಮುಖ್ಯ. ಸುಣ್ಣದ ಹರಳಿನ ಮಾತು ಬಂದದ್ದಕ್ಕೆ ತಂಗಿಗೆ ಇನ್ನೊಂದು ಪ್ರಶ್ನೆ. ಎಲೆ ಕಿತ್ತಾಗ ಕೈಗೆ ಉರುಟು ಅನ್ನಿಸಿತಾ? ಬಿಳಿ ಪುಡಿ ಇತ್ತಾ?

ಎರಿನೆಲದ_ಹುಡುಗಿ

ಹೌದು ಸರ್! ಉಸುಕಿನ ಕಾಗದ ಮುಟ್ಟಿದ ಹಾಗಿತ್ತು. ಮೂರು ಸಲ ನೀರಲ್ಲಿ ತೊಳೆದೆ, ಹೋಗಲಿಲ್ಲ. ಧೂಳು ಅಂದುಕೊಂಡು ಹಾಗೇ ಒಣಗಿಸಿದೆ.

ಸುಣ್ಣದಹರಳು

ಅದು ಧೂಳಲ್ಲ ತಂಗಿ, ಸುಣ್ಣ. ಹೈಡ್ರಿಲ್ಲಾ ತರಹದ ಗಿಡಗಳು ಎಲೆಯ ಕೆಳಗಿನ ಮೈಯಲ್ಲಿ ಆಮ್ಲ ಬಿಟ್ಟು ಬೈಕಾರ್ಬೊನೇಟನ್ನು ಕಾರ್ಬನ್ ಡೈಆಕ್ಸೈಡ್ ಮಾಡಿಕೊಳ್ಳುತ್ತವೆ. ಮೇಲಿನ ಮೈಯಲ್ಲಿ ಪಿಎಚ್ 10ರ ತನಕ ಏರುತ್ತದೆ. ಅಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕೂತು ಗಟ್ಟಿಯಾಗುತ್ತದೆ. ಕಾರಾ ಎಂಬ ಪಾಚಿಯ ಮೈಯೆಲ್ಲ ಹೀಗೇ ಕಲ್ಲಾಗಿರುತ್ತದೆ.

ಆ ಸುಣ್ಣದಲ್ಲೂ ಕಾರ್ಬನ್ ಇದೆ, ಅದೂ ಭಾರದ್ದು. ಯಂತ್ರದಲ್ಲಿ ಪುಡಿ ಸುಟ್ಟಾಗ ಎಲೆಯ ಕಾರ್ಬನ್ನೂ ಸುಣ್ಣದ ಕಾರ್ಬನ್ನೂ ಒಟ್ಟಿಗೆ ಹೊರಟು ಒಂದೇ ಸಂಖ್ಯೆಯಾಗಿ ಬಂದಿದೆ. ಪುಡಿ ಉಳಿದಿದ್ದರೆ ತೂಕ ಮಾಡಿ, ತೆಳು ಹೈಡ್ರೋಕ್ಲೋರಿಕ್ ಆಮ್ಲ ಹನಿ ಹನಿ ಹಾಕಿ. ಬುರುಬುರು ಅನ್ನುವುದು ನಿಲ್ಲುವ ತನಕ. ಆಮೇಲೆ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು 60 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ತೂಕ ಮಾಡಿ. ನೈಟ್ರೋಜನ್ ಐಸೋಟೋಪೂ ಬೇಕಿದ್ದರೆ ಆಮ್ಲ ಹಾಕದ ಪುಡಿ ಬೇರೆ ಎತ್ತಿಡಿ, ಆಮ್ಲ ಅದನ್ನು ಕೆಡಿಸಬಹುದು.

(ಮೂರು ವಾರದ ನಂತರ)

ಎರಿನೆಲದ_ಹುಡುಗಿ

ಪ್ರೆಸೆಂಟೇಶನ್ ಮುಂದೂಡಿಸಿಕೊಂಡೆ, ಗೈಡ್ ಒಪ್ಪಿದರು. ಸರ್ ಹೇಳಿದ ಹಾಗೆ ಮಾಡಿದೆ. ಆಮ್ಲ ಬಿದ್ದ ಕೂಡಲೇ ಪುಡಿ ಸೋಡಾ ಬಾಟಲಿಯಂತೆ ನೊರೆ ಬಂತು. ತೂಕದಲ್ಲಿ ನೂರಕ್ಕೆ 35 ಇಳಿಯಿತು, ನಂಬಲಾಗದೆ ಎರಡು ಸಲ ತೂಗಿದೆ. ಮತ್ತೆ ಕಳಿಸಿದೆ. ಈಗ ಮೈನಸ್ 18 ಬಂದಿದೆ.

ಸುಣ್ಣದಹರಳು

ಒಳ್ಳೆಯ ಕೆಲಸ. ಲೆಕ್ಕ ಹಾಕೋಣ. ನೂರು ಗ್ರಾಂ ಪುಡಿಯಲ್ಲಿ 35 ಗ್ರಾಂ ಸುಣ್ಣ. ಕ್ಯಾಲ್ಸಿಯಂ ಕಾರ್ಬೊನೇಟಿನಲ್ಲಿ ತೂಕದ ನೂರಕ್ಕೆ 12 ಕಾರ್ಬನ್, ಅಂದರೆ 4.2 ಗ್ರಾಂ. ಉಳಿದ 65 ಗ್ರಾಂ ಎಲೆ, ಅದರಲ್ಲಿ ನೂರಕ್ಕೆ 40 ಕಾರ್ಬನ್ ಅಂತ ಹಿಡಿದರೆ 26 ಗ್ರಾಂ. ಒಟ್ಟು ಕಾರ್ಬನ್ನಿನಲ್ಲಿ ಸುಣ್ಣದ ಪಾಲು ಸುಮಾರು ನೂರಕ್ಕೆ 14. ಎಲೆ ಮೈನಸ್ 18, ಮಿಶ್ರಣ ಮೈನಸ್ 16 ಆಗಬೇಕಾದರೆ ಸುಣ್ಣ ಮೈನಸ್ 4ರ ಹತ್ತಿರ ಇರಬೇಕು. ಆಮ್ಲ ಬೇರೆ ಏನನ್ನೂ ಕರಗಿಸಿಲ್ಲ ಅಂತ ಹಿಡಿದ ಅಂದಾಜು ಇದು.

ಸುಣ್ಣ ಬೈಕಾರ್ಬೊನೇಟಿಗಿಂತ ಒಂದು ಸಾವಿರಾಂಶದಷ್ಟು ಭಾರ. ಹಾಗಾದರೆ ಎಲೆ ಮೈಮೇಲಿನ ಬೈಕಾರ್ಬೊನೇಟ್ ಮೈನಸ್ 5, ಅದರ ಜೊತೆಗಿನ ಕಾರ್ಬನ್ ಡೈಆಕ್ಸೈಡ್ ಮೈನಸ್ 14ರ ಸುತ್ತ. ನಿಮ್ಮ ಎಲೆ ಮೈನಸ್ 18. ಅಂದರೆ ಕಾರ್ಬನ್ ಡೈಆಕ್ಸೈಡಿಗಿಂತ ಹಗುರ! ಬೈಕಾರ್ಬೊನೇಟ್ ಬೇಡ, ಸಿ-4ಊ ಬೇಡ, ಕೊರತೆಯಲ್ಲಿರುವ ಸಾದಾ ಸಿ-3 ಅಂದರೂ ಈ ಸಂಖ್ಯೆ ಹೊಂದುತ್ತದೆ. ಆದರೆ ಸುಣ್ಣ ಕೂರುವುದು ಬಿಸಿಲಿನ ಹೊತ್ತಿಗೆ, ಎಲೆಗೆ ಅಂಟಿದ ನೀರಲ್ಲಿ. ಅದು ಇಡೀ ಕೆರೆಯ ಸಂಖ್ಯೆ ಅಲ್ಲ. ಕೆರೆ ನೀರೇ ಬೇಕು.

ಸೀಮೆಸುಣ್ಣ_ಗದಗ

ನಮ್ಮಲ್ಲಿ ಬಾಟಲಿ ಪರೀಕ್ಷೆ ಮಾಡಿದೆವು. ಆ ಹುಡುಗಿಗೇ ಜವಾಬ್ದಾರಿ ಕೊಟ್ಟಿದ್ದೆ. ಬರೀ ನೀರಿನ ಬಾಟಲಿ 8.4ರಲ್ಲೇ ಇತ್ತು. ಹೈಡ್ರಿಲ್ಲಾ ಬಾಟಲಿ ಎರಡನೇ ದಿನ ಸಂಜೆಗೆ 10.1. ಈಗ ತರಗತಿಯಲ್ಲಿ ಧೈರ್ಯವಾಗಿ ಹೇಳಬಹುದು, ಹೈಡ್ರಿಲ್ಲಾಗೆ ಬೈಕಾರ್ಬೊನೇಟ್ ತಿನ್ನಲು ಬರುತ್ತದೆ ಅಂತ.

ಸುಣ್ಣದಹರಳು

ಬರುತ್ತದೆ ಅನ್ನುವುದು ಬಾಟಲಿಯ ಉತ್ತರ. ಕೆರೆಯಲ್ಲಿ ಎಷ್ಟು ತಿಂದಿತು ಅನ್ನುವುದು ಐಸೋಟೋಪಿನ ಉತ್ತರ. ಎರಡೂ ಬೇಕು ಮೇಷ್ಟ್ರೇ.

ತಂಗಿ, ನೀರು ಎರಡು ಹೊತ್ತು ತಗೊಳ್ಳಿ. ಸೂರ್ಯ ಹುಟ್ಟುವ ಮೊದಲು ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ. ರಾತ್ರಿಯೆಲ್ಲ ಉಸಿರಾಡಿ ಬೆಳಗಿನ ನೀರಲ್ಲಿ ಕಾರ್ಬನ್ ಡೈಆಕ್ಸೈಡ್ ಕೂಡಿರುತ್ತದೆ, ಮಧ್ಯಾಹ್ನಕ್ಕೆ ಖಾಲಿ. ಎಲೆ ತಿಂಗಳ ಊಟದ ಲೆಕ್ಕ ಹೇಳುತ್ತದೆ, ನೀರು ಆ ಗಳಿಗೆಯದನ್ನು ಮಾತ್ರ. ಅದಕ್ಕೆ ವಾರಕ್ಕೊಮ್ಮೆಯಾದರೂ ತಗೊಂಡು, ಗಿಡದ ಹೊಸ ತುದಿಗಳನ್ನಷ್ಟೇ ಕೊನೆಗೆ ಕೀಳಿ. ಬಾಟಲಿಯನ್ನು ನೀರೊಳಗೇ ತುಂಬಿ ನೀರೊಳಗೇ ಮುಚ್ಚಿ. ಒಂದು ಗುಳ್ಳೆಯೂ ಇರಬಾರದು. ಸಣ್ಣ ರಂಧ್ರದ ಫಿಲ್ಟರಿನಲ್ಲಿ ಸೋಸಿ ಐಸಿನಲ್ಲಿ, ಕತ್ತಲೆಯಲ್ಲಿಡಿ. ಜೀವಿಗಳನ್ನು ಕೊಲ್ಲಲು ಪಾದರಸದ ಉಪ್ಪು ಹಾಕುವ ಪದ್ಧತಿ ಇದೆ, ಅದು ವಿಷ, ಊರ ಕೆರೆ ದಂಡೆಗೆ ಒಯ್ಯಬೇಡಿ.

ಗೋವಿನಜೋಳ_ಹಾವೇರಿ

ತಳದ ಕೆಸರೂ ಒಂದು ಹಿಡಿ ತಗೊಳ್ಳಿ ಅಕ್ಕಾ, ಅದನ್ನೂ ಆಮ್ಲದಲ್ಲಿ ತೊಳೆದು ಕಳಿಸಿ. ಜೋಳದ ಪಾಲು ಎಷ್ಟು ಅಂತ ಅಲ್ಲಿ ಕಾಣುತ್ತದೆ.

ಗಾಜಿನತೊಟ್ಟಿ_ಹುಬ್ಬಳ್ಳಿ

ನನ್ನ ಹತ್ತಿರ ಪಿಎಚ್ ಮೀಟರ್ ಇದೆ, ಎರಡು ತಿಂಗಳು ನಿಮ್ಮ ಹತ್ತಿರವೇ ಇರಲಿ. ಭಾನುವಾರ ಧಾರವಾಡಕ್ಕೆ ಬರುವವನಿದ್ದೇನೆ, ತಂದುಕೊಡುತ್ತೇನೆ. ಮೀನಿಗೆ ಐಸ್ ಹಾಕುವ ಥರ್ಮೋಕೋಲ್ ಡಬ್ಬಿಯೂ ಇದೆ.

ಎರಿನೆಲದ_ಹುಡುಗಿ

ಅಣ್ಣಾ, ಡಬ್ಬಿ ಖಂಡಿತ ಬೇಕು. ಸೋಮವಾರ ಮೊದಲ ಸಲ ಹೋಗುತ್ತಿದ್ದೇನೆ, ಬೆಳಿಗ್ಗೆ ಐದಕ್ಕೆ. ಹನ್ನೆರಡು ಬಾಟಲಿ ತೊಳೆದಿಟ್ಟಿದ್ದೇನೆ. ಅಪ್ಪ ಬ್ಯಾಟರಿ ಹಿಡಿದು ಜೊತೆಗೆ ಬರುತ್ತಾರೆ, ಕೆಸರು ನಾನೇ ತೆಗೆಯುತ್ತೇನೆ ಎಂದಿದ್ದಾರೆ. ಮಳೆ ಹಿಡಿಯುವ ಮೊದಲು ಆರು ವಾರ ಸಿಗುತ್ತದೆ. ನೀರಿನ ಸಂಖ್ಯೆ ಬಂದ ದಿನ ಇಲ್ಲೇ ಹಾಕುತ್ತೇನೆ.